ಮಾಲ್ಕನ ಕಿವಿ



ಗೆತ್ಸೆಮನಿ ತೋಟದಲ್ಲಿ ಪ್ರಧಾನಯಾಜಕನ ಆಳಿನ ಕಿವಿ ಕತ್ತಿಯೇಟಿಗೆ ಕತ್ತರಿಸಿಹೋದ ಸಂಗತಿ ನಾಲ್ಕು ಶುಭಸಂದೇಶಗಳಲ್ಲೂ ಇದೆ. ಬೀಸಿದವನು ಪೇತ್ರ, ಆಳಿನ ಹೆಸರು ಮಾಲ್ಕ ಎಂದು ತಿಳಿಸಿದವರು ಸಂತ ಯೊವಾನ್ನರು. ಆ ಕಿವಿಯನ್ನು ಯೇಸು ಮುಟ್ಟಿ ಗುಣಪಡಿಸಿದರೆಂದು ಬರೆದವರು ಸಂತ ಲೂಕರೊಬ್ಬರೇ. ಅವರು ವೃತ್ತಿಯಿಂದ ವೈದ್ಯರು. ಅದು ಅವರ ಕಣ್ಣಿಗೆ ಬೀಳದಿದ್ದೀತೇ? ತಮ್ಮನ್ನು ಹಿಡಿಯಲು ಬಂದವನ ಕಿವಿಯೂ ಪ್ರಭುವಿಗೆ ಸಣ್ಣ ವಿಷಯವಾಗಿರಲಿಲ್ಲ.

ಹುಟ್ಟಿನಿಂದಲೇ ಹೊರಗಿವಿ ಬೆಳೆಯದ ಮಕ್ಕಳಿದ್ದಾರೆ. ಜ್ಞಾನಸ್ನಾನದಲ್ಲಿ ಗುರುವು ಮಗುವಿನ ಕಿವಿ, ಬಾಯಿ ಮುಟ್ಟಿ ಪ್ರಾರ್ಥಿಸುವಾಗ ಟೋಪಿಯನ್ನು ಕೆಳಗೆಳೆಯುವ ತಾಯಂದಿರನ್ನು ನಾನು ಬಲ್ಲೆ. 'ಗ್ರಹಣದ ಹೊತ್ತು ಹೊರಗೆ ಹೋದೆ, ತರಕಾರಿ ಹೆಚ್ಚಿದೆ' ಎಂದು ಮನೆಯವರೇ ದೂರಿದ ಮೇಲೆ ಆಕೆ ಇನ್ನೇನು ಮಾಡಿಯಾಳು? ಹುಟ್ಟುಕುರುಡನನ್ನು ಕಂಡು 'ಇದು ಯಾರ ಪಾಪ' ಎಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದು ಪ್ರಭು ಉತ್ತರಿಸಿದರು. ಅಂಥ ಮನೆಗಳಲ್ಲಿ ಆ ಅಧ್ಯಾಯವನ್ನು ಗಟ್ಟಿಯಾಗಿ ಓದಬೇಕು.

ಕಿವಿಗೆ ಆಕಾರ ಕೊಡುವುದು ಮೃದ್ವಸ್ಥಿ. ನಿಮ್ಮ ಕಿವಿಯನ್ನೇ ಮಡಿಸಿ ಬಿಡಿ, ತನ್ನ ರೂಪಕ್ಕೆ ಮರಳುತ್ತದೆ. ಅದರೊಳಗೆ ರಕ್ತನಾಳಗಳಿಲ್ಲ, ಕೆಟ್ಟರೆ ತಾನಾಗಿ ಸರಿಹೋಗುವುದು ಕಷ್ಟ. ಬಹುಕಾಲದಿಂದ ಶಸ್ತ್ರವೈದ್ಯರು ಮಗುವಿನ ಪಕ್ಕೆಲುಬಿನ ಮೃದ್ವಸ್ಥಿ ತೆಗೆದು ಕಿವಿಯಾಗಿ ಕೆತ್ತುತ್ತಾ ಬಂದಿದ್ದಾರೆ. ಅದರಿಂದ ಎದೆಗೂ ಗಾಯ. 2018ರಲ್ಲಿ ಚೀನಾದ ವೈದ್ಯರು ಬೇರೊಂದು ದಾರಿಯನ್ನು ವರದಿ ಮಾಡಿದರು. 6ರಿಂದ 9 ವರ್ಷದ 5 ಮಕ್ಕಳ ಬೆಳೆಯದ ಕಿವಿಯಿಂದಲೇ ಜೀವಕೋಶ ತೆಗೆದರು. ಪ್ರತಿ ಮಗುವಿನ ಒಳ್ಳೆಯ ಕಿವಿಯ ಅಳತೆಗೆ, ಮೈಯಲ್ಲಿ ಕ್ರಮೇಣ ಕರಗುವ ಅಚ್ಚು ಮಾಡಿ, ಅದರ ಮೇಲೆ ಕೋಶಗಳನ್ನು 3 ತಿಂಗಳು ಬೆಳೆಸಿ ಜೋಡಿಸಿದರು. ಫಲ ಐವರಲ್ಲೂ ಒಂದೇ ಸಮನಾಗಿರಲಿಲ್ಲ.

'ಸ್ವಾಮಿ, ಇದು ಸೃಷ್ಟಿಕರ್ತನ ಕೆಲಸಕ್ಕೆ ಕೈಹಾಕಿದಂತಲ್ಲವೇ?' ಎಂದು ನೀವು ಕೇಳಬಹುದು. ವೈದ್ಯನು ಪ್ರಕೃತಿಯ ಸಹಾಯಕ, ಗುಣವಾಗುವ ಶಕ್ತಿ ದೇಹದೊಳಗೇ ಇದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಇಲ್ಲಿ ಜೀವಕೋಶವನ್ನು ಯಾರೂ ಸೃಷ್ಟಿಸಲಿಲ್ಲ. ದೇವರಿಟ್ಟ ಬೆಳೆಯುವ ಗುಣಕ್ಕೆ ಅಚ್ಚು ಕೊಟ್ಟರು, ಅಷ್ಟೆ. ಧರ್ಮಸಭೆ ಕೇಳುವುದು ಬೇರೆ: ಕೋಶ ಯಾರದು? ತೆಗೆಯುವಾಗ ಯಾರಿಗೆ ಕೇಡಾಯಿತು? ವಯಸ್ಕರ ದೇಹದಿಂದ, ಹೆರಿಗೆಯ ವೇಳೆ ಹೊಕ್ಕುಳಬಳ್ಳಿಯ ರಕ್ತದಿಂದ ಗಂಭೀರ ಕೇಡಾಗದಂತೆ ಕಾಂಡಕೋಶ ತೆಗೆಯಬಹುದು, ಜೀವಂತ ಭ್ರೂಣವನ್ನು ಕೊಂದು ತೆಗೆಯುವುದು ಸಲ್ಲದು ಎಂದು 2008ರ 'ದಿಗ್ನಿತಾಸ್ ಪೆರ್ಸೋನೆ' ಬೋಧಿಸುತ್ತದೆ. ಅದೇ ಅಳತೆಗೋಲನ್ನು ಇಲ್ಲಿಗೂ ಹಿಡಿಯಿರಿ. ತನ್ನದೇ ಕೋಶದಿಂದ ಮಗು ಕಿವಿ ಪಡೆದರೆ ಪಾಪವೆಲ್ಲಿ?

ಆದರೆ ಇದು ಊರೂರಿನ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯಲ್ಲ. ಹಣ ಕೇಳಿ ಭರವಸೆ ಕೊಡುವವರ ಬಗ್ಗೆ ಎಚ್ಚರ. ಮನೆಯಲ್ಲಿ ಅಂಥ ಮಗುವಿದ್ದರೆ, ಹೊರಗಿವಿಯ ಚಿಂತೆಗಿಂತ ಮೊದಲು ಕಿವಿ ಕೇಳುತ್ತದೆಯೇ ಎಂದು ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಳೆಗಳಿಗೂ ಪರೀಕ್ಷೆ ಮಾಡುತ್ತಾರೆ. ತಲೆಗೆ ಪಟ್ಟಿಯಂತೆ ಕಟ್ಟಿ, ಎಲುಬಿನ ಮೂಲಕ ಶಬ್ದ ಒಳಕಿವಿಗೆ ತಲುಪಿಸುವ ಸಾಧನಗಳೂ ಇವೆ. ಅದಕ್ಕೆ ಮಗು ದೊಡ್ಡದಾಗುವವರೆಗೆ ಕಾಯಬೇಕಿಲ್ಲ.