ಊರೆದುರು ಆಡುವ ಮಾತು

ಜಾಹೀರಾತೆಂದರೆ ಬರೀ ಸುಳ್ಳು ಎನ್ನುವವರೂ ಬೆಳಿಗ್ಗೆ ಪೇಪರ್ ಬಿಡಿಸಿದಾಗ ಶ್ರದ್ಧಾಂಜಲಿಯ ಕಾಲಂಗಳನ್ನು ನಂಬಿಯೇ ಓದುತ್ತಾರೆ. ಅದೂ ಜಾಹೀರಾತೇ. ಅದಕ್ಕೂ ಚದರ ಸೆಂಟಿಮೀಟರಿನ ಲೆಕ್ಕವಿದೆ, ಫೋಟೊ ಕಲರಿನಲ್ಲಿ ಬೇಕೆಂದರೆ ಬೇರೆ ದರವಿದೆ. ಪತ್ರಿಕೆಗಳು ಏಜೆನ್ಸಿಗಳಿಗೆ ರೂಢಿಯಂತೆ ಬಿಟ್ಟುಕೊಡುವ ಶೇ 15ರ ಕಮಿಷನ್ ಅದರಲ್ಲೂ ಇರುತ್ತದೆ. ಅಂದಮೇಲೆ ದುಡ್ಡು ಕೊಟ್ಟು ಹೇಳಿಸಿದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ ಎಂದಾಯಿತು. ಮಾರುವ ಆಸೆಯಿಂದ ಸುಳ್ಳಾಗುತ್ತದೆ ಎನ್ನೋಣವೇ? ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ ಮಾರುವ ಆಸೆ ಇದೆ. ಅವಳು ‘ಎಳೇವು ಅದಾವ್ರಿ’ ಎಂದರೆ ನಾವು ಒಂದನ್ನು ಚಿವುಟಿ ನೋಡುತ್ತೇವೆಯೇ ಹೊರತು ಅವಳನ್ನು ಸುಳ್ಳುಗಾರ್ತಿ ಎನ್ನುವುದಿಲ್ಲ. ಹಾಗಾದರೆ ಹೊಗಳಿಕೆ ಸುಳ್ಳಾಗುವುದು ಯಾವ ಗಳಿಗೆಯಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕಲು ದೊಡ್ಡ ನಗರದ ದೊಡ್ಡ ಕಂಪನಿಗಳಿಗಿಂತ ಹುಬ್ಬಳ್ಳಿಯಂಥ ಊರಿನ ಸಣ್ಣ ಜಾಹೀರಾತು ಏಜೆನ್ಸಿಯೇ ಸರಿಯಾದ ಜಾಗ ಎಂದು ನನಗನ್ನಿಸುತ್ತದೆ.

ಸೋಪು, ಶಾಂಪೂ, ಕಾರುಗಳ ಜಾಹೀರಾತು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಸಿದ್ಧವಾಗಿ ಬರುತ್ತದೆ. ಕೊಪ್ಪೀಕರ್ ರಸ್ತೆಯ ಸುತ್ತಲಿನ ಯಾವುದೋ ಮಹಡಿಯ ಎರಡು ಕೋಣೆಯ ಏಜೆನ್ಸಿಗೆ ಬರುವುದು ಊರಿನದೇ ಬದುಕು. ಆಷಾಢದ ಡಿಸ್ಕೌಂಟ್ ಸೇಲ್, ಹೊಸ ನರ್ಸಿಂಗ್ ಹೋಮಿನ ಉದ್ಘಾಟನೆ, ಎನ್‌ಎ (ಕೃಷಿಯೇತರ) ಆದ ಲೇಔಟಿನ ಸೈಟುಗಳು, ಮಠದ ಜಾತ್ರೆ, ಧಾರವಾಡದ ಕೋಚಿಂಗ್ ಅಕಾಡೆಮಿಗಳ ಹೊಸ ಬ್ಯಾಚು. ‘ಪಾರ್ಟಿ’ ಬಂದು ಕುಳಿತು ಚಹಾ ಕುಡಿದು ಮ್ಯಾಟರ್ ಹೇಳುತ್ತದೆ. ಡಿಟಿಪಿ ಮಾಡುವ ಹುಡುಗಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ, ಕೋರಲ್‌ಡ್ರಾದಲ್ಲಿ ಕೂರಿಸಿ, ಪ್ರೂಫ್ ತೆಗೆದುಕೊಡುತ್ತಾಳೆ. ಸಹಿ ಬಿದ್ದ ಮೇಲೆ ಪತ್ರಿಕೆಗೆ ಆರ್‌ಒ (ರಿಲೀಸ್ ಆರ್ಡರ್) ಹೋಗುತ್ತದೆ. ಅಲ್ಲಿಂದ ಮುಂದೆ ವಸೂಲಿಯ ಕಾಲ. ಪಾರ್ಟಿ ದುಡ್ಡು ಕೊಡಲಿ ಬಿಡಲಿ, ಪತ್ರಿಕೆಯ ಬಿಲ್ಲನ್ನು ಏಜೆನ್ಸಿ ಕಟ್ಟಲೇಬೇಕು. ಅದಕ್ಕೇ ಇಲ್ಲಿ ಚಂದದ ವಾಕ್ಯ ಬರೆಯುವವನಿಗಿಂತ ತಿಂಗಳ ಕೊನೆಗೆ ಅಂಗಡಿ ಅಂಗಡಿ ತಿರುಗಿ ಚೆಕ್ ತರುವವನಿಗೆ ಬೆಲೆ ಹೆಚ್ಚು.

ಈ ಕೆಲಸದಲ್ಲಿ ಅತ್ಯಂತ ಎಚ್ಚರ ಬೇಡುವುದು ಮತ್ತದೇ ಶ್ರದ್ಧಾಂಜಲಿ. ಲಿಂಗಾಯತರ ಮನೆಯದಾದರೆ ‘ಲಿಂಗೈಕ್ಯ’, ‘ಶಿವಗಣಾರಾಧನೆ’. ಬ್ರಾಹ್ಮಣರ ಮನೆಯದಾದರೆ ‘ವೈಕುಂಠ ಸಮಾರಾಧನೆ’. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಮುಗಿಯಿತು. ಗಂಡುಮಕ್ಕಳ ಹೆಸರು ವಯಸ್ಸಿನ ಪ್ರಕಾರ ಬರಬೇಕು, ಸೊಸೆಯಂದಿರು ಅದೇ ಸಾಲಿನಲ್ಲಿ, ಅಳಿಯಂದಿರನ್ನು ಮರೆಯುವಂತಿಲ್ಲ. ಮದುವೆಯಾಗಿ ದೂರದೂರಿಗೆ ಹೋದ ಮಗಳ ಹೆಸರು ಬಿಟ್ಟುಹೋಗಿದ್ದರೆ ಬೆಳಗಿನ ಏಳು ಗಂಟೆಯೊಳಗೆ ಫೋನು ಬರುತ್ತದೆ. ಆ ಫೋನು ಬರಿಯ ಸಿಟ್ಟಲ್ಲ, ‘ಊರಿಗೆಲ್ಲ ಹೇಳಿದ ಮಾತಿನಲ್ಲಿ ನಾನು ಇಲ್ಲ’ ಎಂಬ ಆಕ್ಷೇಪಣೆ. ಶ್ರದ್ಧಾಂಜಲಿಯನ್ನು ನಾವು ನಂಬುವುದಕ್ಕೆ ಕಾರಣವೂ ಈ ಫೋನೇ. ಅದು ಬರುವ ಭಯ ಇರುವುದರಿಂದಲೇ ಪ್ರೂಫನ್ನು ಮತ್ತೆ ಮತ್ತೆ ಓದುತ್ತಾರೆ.

ಶ್ರದ್ಧಾಂಜಲಿಗಿಂತ ಸಣ್ಣ ಅಕ್ಷರದ ಇನ್ನೊಂದು ಜಾತಿಯ ಜಾಹೀರಾತಿದೆ. ಯಾರೋ ಹೆಸರು ಬದಲಿಸಿಕೊಂಡಿದ್ದಾರೆ, ಅಫಿಡವಿಟ್ ಆಗಿದೆ, ಇನ್ನು ಮುಂದೆ ಹೀಗೇ ಕರೆಯತಕ್ಕದ್ದು ಎನ್ನುವ ಪ್ರಕಟಣೆ. ಇಂಥ ಸರ್ವೆ ನಂಬರಿನ ಜಮೀನನ್ನು ನಮ್ಮ ಕಕ್ಷಿದಾರರು ಖರೀದಿಸಲಿದ್ದಾರೆ, ಹಕ್ಕು, ಬೋಜಾ, ತಕರಾರು ಇದ್ದವರು ಇಷ್ಟು ದಿನದೊಳಗೆ ದಾಖಲೆ ಸಮೇತ ತಿಳಿಸತಕ್ಕದ್ದು ಎಂದು ವಕೀಲರು ಕೊಡುವ ನೋಟಿಸು. ಈ ನೋಟಿಸು ಯಾರನ್ನೂ ಮರುಳು ಮಾಡುವುದಿಲ್ಲ, ಯಾರೂ ಅದನ್ನು ಆಸೆಯಿಂದ ಓದುವುದಿಲ್ಲ. ಆದರೆ ಜಾಹೀರಾತಿನ ತಿರುಳು ಇಲ್ಲಿ ಬತ್ತಲೆಯಾಗಿ ನಿಂತಿದೆ. ಒಂದು ಮಾತನ್ನು ಎಲ್ಲರೆದುರು ಇಡುವುದು ಯಾಕೆಂದರೆ, ಅದು ತಪ್ಪು ಎಂದು ಗೊತ್ತಿರುವವನೂ ಆ ಎಲ್ಲರಲ್ಲಿ ಒಬ್ಬನಾಗಿರಬಹುದು. ಬಾಯಿ ಬಿಡಲು ಅವನಿಗೆ ಅವಕಾಶ ಕೊಟ್ಟ ಮೇಲೂ ಯಾರೂ ಬರಲಿಲ್ಲವೆಂದರೆ ಮಾತಿಗೆ ಬಲ ಬಂತು.

ಇದು ಹೊಸ ತಿಳಿವಳಿಕೆಯೇನಲ್ಲ. ದಾನ ಕೊಟ್ಟವರು ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ನಿಲ್ಲಿಸುತ್ತಿದ್ದರು. ಸೂರ್ಯಚಂದ್ರರಿರುವ ತನಕ ನಡೆಯಲೆಂದು ನೆತ್ತಿಯಲ್ಲಿ ಅವರಿಬ್ಬರನ್ನೂ ಕಡೆಸುತ್ತಿದ್ದರು, ಎಷ್ಟೋ ಶಾಸನಗಳಲ್ಲಿ ಸಾಕ್ಷಿಗಳ ಹೆಸರನ್ನೂ ಬರೆಸುತ್ತಿದ್ದರು. ಡಂಗುರ ಸಾರುವವನು ಓಣಿ ಓಣಿ ತಿರುಗಿದ್ದೂ ಇದಕ್ಕೇ. ಇಂದಿಗೂ ಚುನಾವಣೆ ಬಂತೆಂದರೆ ಏಜೆನ್ಸಿಯವರು ಕರಪತ್ರದ ತಳದ ಸಾಲನ್ನು ತಪ್ಪದೆ ನೋಡುತ್ತಾರೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನಂತೆ ಅಲ್ಲಿ ಮುದ್ರಿಸಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಎಲ್ಲರೆದುರು ಮಾತಾಡುವವನು ಮನೆಯ ವಿಳಾಸವನ್ನೂ ಹೇಳಬೇಕು ಎಂಬುದೇ ಆ ಕಲಮಿನ ಅರ್ಥ.

ಊರಿನ ವ್ಯಾಪಾರದ ಜಾಹೀರಾತಿಗೆ ಈ ವಿಳಾಸ ತಾನಾಗಿಯೇ ಅಂಟಿಕೊಂಡಿರುತ್ತದೆ. ಸೀರೆ ಅಂಗಡಿಯ ಮಾಲೀಕ ಬಂದು ಕುಳಿತನೆನ್ನಿ. ಮಾತುಕತೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“‘ಉತ್ತರ ಕರ್ನಾಟಕದಾಗ ನಂಬರ್ ಒನ್’ ಅಂತ ಹಾಕ್ರಿ.”

“ಸಾವ್ಕಾರ್ರ, ಬಾಜೂ ಅಂಗಡಿಯವ್ರೂ ಅದನ್ನ ಹಾಕ್ಸ್ಯಾರ್ರಿ. ಇಬ್ರೂ ನಂಬರ್ ಒನ್ ಆದ್ರ ಮಂದಿ ನಗ್ತಾರ.”

“ಹಂಗಾದ್ರ ಏನ್ ಹಾಕೂಣು?”

“‘ನಲ್ವತ್ತು ವರ್ಷದ ಹಳೇ ಅಂಗಡಿ’ ಅಂತ ಹಾಕೂಣ್ರಿ. ಅದು ಎಲ್ಲಾರಿಗೂ ಗೊತ್ತೈತಿ.”

ಏಜೆನ್ಸಿಯವನು ಸತ್ಯಸಂಧನೆಂದು ಹೀಗೆ ಹೇಳಿದ್ದಲ್ಲ. ‘ಮಂದಿ ನಗ್ತಾರ’ ಎಂಬ ನಾಲ್ಕಾರು ಅಕ್ಷರದ ಭಯ ಅವನಿಂದ ಹೇಳಿಸಿತು. ನಗುವ ಮಂದಿಯಲ್ಲಿ ಅಂಗಡಿಯವನ ಬೀಗರು ಇದ್ದಾರೆ, ಬ್ಯಾಂಕಿನವರು ಇದ್ದಾರೆ, ಅದೇ ಅಂಗಡಿ ಬಿಟ್ಟುಹೋದ ಕೆಲಸದವರು ಇದ್ದಾರೆ. ಇಂಥ ಕಡೆ ಹೊಗಳಿಕೆ ತಾನಾಗಿ ಹದಕ್ಕೆ ಬರುತ್ತದೆ. ಕಾಯಂ ಗಿರಾಕಿ ನಾಳೆ ಅಂಗಡಿಯ ಮೆಟ್ಟಿಲು ಹತ್ತಿ ಕೇಳಬಲ್ಲ ಎಂಬ ಅರಿವೇ ಸಣ್ಣ ಊರಿನ ಜಾಹೀರಾತಿಗೆ ಬೇಲಿ ಹಾಕಿದೆ.

ಎಲ್ಲರೆದುರು ಹೇಳಿಬಿಟ್ಟರೆ ಸಾಕು, ಸತ್ಯ ಉಳಿದುಕೊಳ್ಳುತ್ತದೆ ಎಂದು ಇಲ್ಲಿಗೆ ಮುಗಿಸಬಹುದಿತ್ತು. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನ ಸುತ್ತ ಹುಟ್ಟುಹಬ್ಬದ ಫ್ಲೆಕ್ಸುಗಳನ್ನು ನೋಡಿದವರು ಹಾಗೆ ಮುಗಿಸಲು ಬಿಡುವುದಿಲ್ಲ. ನಿನ್ನೆ ಮೊನ್ನೆ ಮೀಸೆ ಚಿಗುರಿದವನು ಅಲ್ಲಿ ‘ಯುವಕರ ಕಣ್ಮಣಿ’, ‘ದೀನದಲಿತರ ಆಶಾಕಿರಣ’, ‘ಬಡವರ ಬಂಧು’. ಅವನ ಸುತ್ತ ಅಂಚೆಚೀಟಿಯಷ್ಟು ಅಳತೆಯ ಮುಖಗಳು. ಪ್ರತಿ ಮುಖದವನೂ ತನ್ನ ಮುಖಕ್ಕೆಂದು ದುಡ್ಡು ಕೊಟ್ಟಿರುತ್ತಾನೆ. ಮಾತು ಊರೆದುರೇ ಇದೆ, ನಿಜವಲ್ಲವೆಂದು ಊರಿಗೂ ಗೊತ್ತಿದೆ, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಕೆಲವರಿಗೆ ಭಯ, ಹೆಚ್ಚಿನವರಿಗೆ ತಾತ್ಸಾರ. ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲೇ ಫ್ಲೆಕ್ಸನ್ನೂ ಸೇರಿಸಿತ್ತು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸುಗಳು ರಾತ್ರಿ ಹಗಲೆನ್ನದೆ ಇಳಿದವು. ಇಳಿಸಿದ್ದು ಪ್ಲಾಸ್ಟಿಕ್ಕನ್ನು. ಹೊಗಳಿಕೆಯ ಮಾತಿಗೆ ಯಾರ ತಕರಾರೂ ಇರಲಿಲ್ಲ. ಆದ್ದರಿಂದ ಬಹಿರಂಗವಾಗಿ ಹೇಳುವುದು ಅರ್ಧ ಕೆಲಸ ಮಾತ್ರ. ಕೇಳಿಸಿಕೊಂಡ ಊರು ಎದುರಾಡುವ ಮನಸ್ಸಿನದಾಗಿರಬೇಕು. ಅದಿಲ್ಲದ ಕಡೆ ಬಹಿರಂಗ ಮಾತೂ ಕೊಳೆಯುತ್ತದೆ.

ಈಗ ಏಜೆನ್ಸಿಯ ದಂಧೆ ಫೋನಿನೊಳಕ್ಕೆ ಹೋಗುತ್ತಿದೆ. ಇದರಲ್ಲಿ ಒಳ್ಳೆಯದೂ ಇದೆ, ಅದನ್ನು ಮೊದಲು ಹೇಳಬೇಕು. ಪೇಪರಿನಲ್ಲಿ ಜಾಗ ಕೊಳ್ಳುವ ಶಕ್ತಿ ಎಂದೂ ಇರದಿದ್ದ ಹೆಂಗಸೊಬ್ಬಳು, ಮನೆಯಲ್ಲಿ ಬಡಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಕೆಲವು ನೂರು ರೂಪಾಯಿಯ ಖರ್ಚಿನಲ್ಲಿ ತನ್ನ ಬಡಾವಣೆಗೆ ತಿಳಿಸಬಲ್ಲಳು. ಏಜೆನ್ಸಿಯ ಹುಡುಗ ನಕ್ಷೆಯ ಮೇಲೆ ಒಂದು ಪಿನ್ ನೆಟ್ಟು, ಸುತ್ತ ಇಷ್ಟು ಕಿಲೋಮೀಟರ್, ಇಷ್ಟರಿಂದ ಇಷ್ಟು ವಯಸ್ಸು, ಇಂಥ ಆಸಕ್ತಿ ಎಂದು ಗುರುತು ಹಾಕಿಬಿಟ್ಟರೆ ಆಯಿತು. ಮೇಲ್ನೋಟಕ್ಕೆ ಇದಕ್ಕಿಂತ ಸ್ಥಳೀಯವಾದದ್ದು ಯಾವುದಿದೆ?

ಆದರೆ ಆ ವೃತ್ತದೊಳಗಿನ ಮಂದಿ ಈಗ ಊರಲ್ಲ, ಬಿಡಿ ಬಿಡಿ ಫೋನುಗಳು. ಧಾರವಾಡದ ಸಪ್ತಾಪುರವನ್ನು ನೆನೆಯಿರಿ. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎನ್ನುತ್ತ ಹಳ್ಳಿಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು, ಅವರಿಗಾಗಿ ಸಾಲುಸಾಲು ಅಕಾಡೆಮಿಗಳು. ಪಾಸಾದವನೊಬ್ಬನ ಮುಖ ಆ ಬೀದಿಯ ಎರಡು ಅಕಾಡೆಮಿಗಳ ಬ್ಯಾನರಿನಲ್ಲಿ ಒಟ್ಟಿಗೆ ಕಂಡರೆ ಸುಳ್ಳನ್ನು ಬೀದಿಯೇ ಹಿಡಿದುಕೊಡುತ್ತದೆ. ಚಹಾದಂಗಡಿಯಲ್ಲಿ ನಿಂತವರು, ‘ಲೇ, ಇಂವ ಎಲ್ಲೆಲ್ಲಿ ಓದ್ಯಾನಪಾ’ ಎಂದು ನಕ್ಕು, ಸೇರುವವನಿಗೆ ಎಚ್ಚರ ಹೇಳುತ್ತಾರೆ. ಫೋನಿನಲ್ಲಿ ಒಬ್ಬನಿಗೆ ಒಂದು ಬ್ಯಾನರು, ಅವನ ರೂಂಮೇಟಿಗೆ ಇನ್ನೊಂದು. ಪಾಸಾದವನ ನಿಜ ಬಲ್ಲ ಗೆಳೆಯನಿಗೆ ಎರಡೂ ಕಾಣದೆ ಇರಬಹುದು. ತಕರಾರು ಮಾಡಬಲ್ಲವನನ್ನು ಯಾರೂ ಹೊರಗೆ ಕಳಿಸಿಲ್ಲ. ಗಿರಾಕಿಯಾಗಲಾರನೆಂದು ಅವನನ್ನು ಪಟ್ಟಿಯಿಂದ ಬಿಟ್ಟಿದ್ದಾರೆ, ಅಷ್ಟೆ.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಎರಡು ಪೋಸ್ಟರ್ ಬಿಟ್ಟು, ಯಾವುದಕ್ಕೆ ಹೆಚ್ಚು ‘ಲೀಡ್’, ಅಂದರೆ ಗಿರಾಕಿಗಳ ವಿಚಾರಣೆ, ಬರುತ್ತದೋ ಅದನ್ನು ಉಳಿಸಿಕೊಳ್ಳುವುದು ಈಗಿನ ಪದ್ಧತಿ. ‘ಅನುಭವಿ ಶಿಕ್ಷಕರು’ ಎಂಬುದು ಒಂದರಲ್ಲಿ, ‘ಆರೇ ತಿಂಗಳಲ್ಲಿ ಸರ್ಕಾರಿ ನೌಕರಿ’ ಎಂಬುದು ಇನ್ನೊಂದರಲ್ಲಿ ಇದ್ದರೆ ಗೆಲ್ಲುವುದು ಯಾವುದೆಂದು ಊಹಿಸಲು ಕಷ್ಟವಿಲ್ಲ. ಇಲ್ಲಿ ಮಾಲೀಕನಾಗಲಿ ಏಜೆನ್ಸಿಯವನಾಗಲಿ ಸುಳ್ಳು ಹೇಳಬೇಕೆಂದು ತೀರ್ಮಾನಿಸಿರುವುದಿಲ್ಲ. ವಾರದೊಳಗೆ ಅಂಕಿ ಅಂಶ ತೀರ್ಮಾನಿಸಿಬಿಟ್ಟಿರುತ್ತದೆ. ಪಾಪದ ಭಾರ ಹೊರುವವನೇ ಇಲ್ಲದೆ ಸುಳ್ಳೊಂದು ಹುಟ್ಟುವುದು ಮಾತಿನ ಚರಿತ್ರೆಯಲ್ಲಿ ಹೊಸದು.

ಕಾನೂನು ಸುಮ್ಮನೆ ಕುಳಿತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಅದರಡಿ 2022ರ ಜೂನಿನಲ್ಲಿ ಬಂದ ಮಾರ್ಗಸೂಚಿ, ಷರತ್ತಿನ ಸಾಲು ಮೂಲ ಮಾತಿನ ಭಾಷೆಯಲ್ಲೇ ಇರಬೇಕು ಎನ್ನುತ್ತದೆ. ಕನ್ನಡದಲ್ಲಿ ಆಸೆ ತೋರಿಸಿ, ನಕ್ಷತ್ರ ಹಾಕಿ, ಇಂಗ್ಲಿಷಿನಲ್ಲಿ ಕೈ ತೊಳೆದುಕೊಳ್ಳುವ ಚಾಳಿಗೆ ಹಾಕಿದ ಕಡಿವಾಣ ಅದು. 2024ರ ನವೆಂಬರಿನಲ್ಲಿ ಕೋಚಿಂಗ್ ಸಂಸ್ಥೆಗಳಿಗೆಂದೇ ಇನ್ನೊಂದು ಮಾರ್ಗಸೂಚಿ ಬಂತು. ಆಯ್ಕೆಯಾದವರ ಹೆಸರು, ಫೋಟೊ ಬಳಸಲು ಆಯ್ಕೆಯ ನಂತರ ಪಡೆದ ಲಿಖಿತ ಒಪ್ಪಿಗೆ ಬೇಕು. ಅವರು ಯಾವ ಕೋರ್ಸನ್ನು ಎಷ್ಟು ಕಾಲ ಓದಿದರೆಂದೂ ತಿಳಿಸಬೇಕು. ಫೇಸ್‌ಬುಕ್ಕಿನಲ್ಲಿ ಸದ್ಯ ಓಡುತ್ತಿರುವ ಜಾಹೀರಾತುಗಳನ್ನು ಯಾರು ಬೇಕಾದರೂ ನೋಡಬಹುದಾದ ‘ಆ್ಯಡ್ ಲೈಬ್ರರಿ’ಯೂ ಇದೆ. ಬಾಗಿಲು ತೆರೆದಿದೆ ನಿಜ, ಒಳಗೆ ಹೋಗಿ ನೋಡುವವರು ಯಾರು? ಡಂಗುರದ ದನಿ ಮನೆಗೇ ಬರುತ್ತಿತ್ತು. ಇಲ್ಲಿ ಹುಡುಕಿಕೊಂಡು ನಾವೇ ಹೋಗಬೇಕು. ಕಾನೂನೂ ಮಾತು ಹೊರಬಿದ್ದ ಮೇಲಷ್ಟೆ ಬರುತ್ತದೆ, ಅದೂ ಯಾರಾದರೂ ದೂರು ಕೊಟ್ಟರೆ ಅಥವಾ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಕಣ್ಣಿಗೆ ಬಿದ್ದರೆ.

ಹಾಗಾಗಿ ಪ್ರಶ್ನೆ ಮತ್ತೆ ಆ ಎರಡು ಕೋಣೆಯ ಏಜೆನ್ಸಿಗೇ ಬಂದು ನಿಲ್ಲುತ್ತದೆ. ಯಾವುದೇ ಜಾಹೀರಾತನ್ನು ಊರಿಗಿಂತ ಮೊದಲು ಕೇಳಿಸಿಕೊಳ್ಳುವವನು ಅಲ್ಲಿ ಮ್ಯಾಟರ್ ಬರೆದುಕೊಳ್ಳುವವನು. ‘ಇದು ಜಾಸ್ತಿ ಆತ್ರೀ’ ಎಂದು ಅವನು ಹೇಳಬಲ್ಲವನಾಗಿದ್ದ, ಯಾಕೆಂದರೆ ಅವನ ಬೆನ್ನ ಹಿಂದೆ ನಗಲು ಕಾಯುತ್ತಿದ್ದ ಊರಿತ್ತು. ಬುದ್ಧಿ ಹೇಳುವ ಕಷ್ಟ ಅವನಿಗಿರಲಿಲ್ಲ. ಊರಿನ ಹೆಸರು ಹೇಳಿ ತಾನು ಪಾರಾಗುತ್ತಿದ್ದ. ಈಗ ಬೆನ್ನ ಹಿಂದಿನ ಊರು ಚದುರಿದೆ. ಎದುರಿಗೆ ಪಾರ್ಟಿ ಕುಳಿತಿದೆ, ಬಾಕಿ ಬಿಲ್ಲಿದೆ, ‘ನೀ ಹಾಕದಿದ್ರ ಇನ್ನೊಬ್ಬ ಹಾಕ್ತಾನ’ ಎಂಬ ಮಾತಿದೆ. ಯಾರಿಂದ ಅನ್ನ ಬರುತ್ತದೋ ಅವರಿಗೇ ತಕರಾರು ಹೇಳಬೇಕಾದ ಸ್ಥಿತಿ. ಪಾಸಾದವನ ಗೆಳೆಯ, ಬೀಗರು, ಕೆಲಸ ಬಿಟ್ಟವರು, ಚಹಾದಂಗಡಿಯಲ್ಲಿ ನಿಂತವರು, ಇವರೆಲ್ಲ ಮಾಡುತ್ತಿದ್ದ ಕೆಲಸ ಈಗ ಅವನೊಬ್ಬನ ಪಾಲಿಗೆ ಬಂದಿದೆ.

ಹೊಗಳಿಕೆ ಸುಳ್ಳಾಗುವುದು, ಅದನ್ನು ಅಲ್ಲಗಳೆಯಬಲ್ಲವನ ಕಿವಿ ತಪ್ಪಿಸಿ ಹೇಳಿದಾಗ. ಮಾತು ಅಕ್ಷರಶಃ ನಿಜವಿದ್ದರೂ ಹೀಗೆ ಕಿವಿ ತಪ್ಪಿಸಿ ಹೇಳಿದ್ದರಲ್ಲಿ ಮೋಸದ ಬೀಜ ಇದ್ದೇ ಇರುತ್ತದೆ. ಸ್ವಲ್ಪ ಉಬ್ಬಿಸಿ ಹೇಳಿದರೂ ಎಲ್ಲರೆದುರು ಹೇಳಿದವನು ತನ್ನನ್ನು ತಿದ್ದುವ ಹಕ್ಕನ್ನು ಊರಿಗೆ ಕೊಟ್ಟೇ ಮಾತಾಡುತ್ತಾನೆ. ಆದ್ದರಿಂದ ಫೋನಿಗೆ ಬಿಡುವ ಪ್ರತಿ ಪೋಸ್ಟರಿಗೂ ಏಜೆನ್ಸಿಯವನು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದೇ ಮಾತನ್ನು, ಈ ಮಾಲೀಕನ ಹೆಸರಿನ ಸಮೇತ, ಚನ್ನಮ್ಮ ಸರ್ಕಲ್ಲಿನಲ್ಲಿ ನಿಲ್ಲಿಸಲು ಪಾರ್ಟಿ ಒಪ್ಪುತ್ತದೆಯೇ? ಒಪ್ಪದಿದ್ದರೆ ಏಳೆಂಟು ಸಾವಿರದ ಕೆಲಸವೊಂದು ಕೈ ಬಿಡಬಹುದು. ಅಷ್ಟು ಕಳೆದುಕೊಳ್ಳುವ ತಾಕತ್ತು ಸಣ್ಣ ಏಜೆನ್ಸಿಗೆ ಸುಲಭವಾಗಿ ಬರುವುದಿಲ್ಲ. ಬರುವಂತೆ ಮಾಡುವ ಹೊಣೆಯಲ್ಲಿ ಓದುವ ನಮ್ಮದೂ ಪಾಲಿದೆ. ‘ನಲ್ವತ್ತು ವರ್ಷದ ಹಳೇ ಅಂಗಡಿ’ ಎಂಬ ಸಾದಾ ಮಾತಿಗೆ ನಾವು ಅಂಗಡಿಯ ಮೆಟ್ಟಿಲು ಹತ್ತುವವರಾದರೆ ಮಾತ್ರ ಆ ಮಾತನ್ನು ಬರೆಯುವವನ ಹೊಟ್ಟೆ ತುಂಬೀತು.