ಕೇಳಿ ಪಡೆದವರೇ ಕೊಡಬಲ್ಲರು

ಗಡಿನಾಡಿನವರಾದ ನಮಗೆ ನೆರೆಹೊರೆಯೆಂಬುದು ಬರಿಯ ಮಾತಲ್ಲ. ನಮ್ಮ ಹೊಳಗುಂದದ ಓಣಿಗಳಲ್ಲಿ ಕನ್ನಡ, ತೆಲುಗು, ಉರ್ದು ಒಂದರೊಡನೊಂದು ಬೆರೆತು ಬಾಳುತ್ತವೆ. ಹಾಲಿಗೆ ಹೆಪ್ಪಿಲ್ಲದ ದಿನ ಪಕ್ಕದ ಮನೆಯ ಕದ ತಟ್ಟುವಾಗ ಆ ಮನೆಯವರ ದೇವರು ಯಾರೆಂದು ನಾವು ಕೇಳುವುದಿಲ್ಲ. ಇಂತಹ ನಂಟಿನೊಳಗೆ ಕ್ರೈಸ್ತನಾದ ನೆರೆಯವನು ತನ್ನ ನಂಬಿಕೆಯನ್ನು ನಮಗೆ ಹೇಳಬಹುದೇ? ಹೇಳಿದ ಮೇಲೂ ಸ್ನೇಹವು ಸ್ನೇಹವಾಗಿಯೇ ಉಳಿಯುವುದೇ?

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. 1953ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. ಬೋಧಿಸಬೇಕೆಂದು ಬಂದವರು ಮೊದಲು ಕಲಿಯಬೇಕಾಯಿತು; ಕನ್ನಡವನ್ನು ಕಲಿತ ಮೇಲೆಯೇ ಅವರು ಬೈಬಲ್ಲನ್ನು ಕನ್ನಡಕ್ಕೆ ತರಲು ತೊಡಗಿದರು. ಅದೇ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಕಿಟ್ಟೆಲ್ಲರು ದಶಕಗಳ ದುಡಿಮೆಯಿಂದ ಸಿದ್ಧಪಡಿಸಿದ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅವರ ಮತವನ್ನು ಒಪ್ಪದ ಕನ್ನಡಿಗರೂ ಅವರನ್ನು ನಮ್ಮವರೆನ್ನುತ್ತಾರೆ. ಕೊಡಲು ಬಂದವರು ಮೊದಲು ನಮ್ಮಿಂದ ಪಡೆದುದೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ.

ಕ್ರೈಸ್ತರ ಗ್ರಂಥದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ದಣಿದು ಬಾವಿಯ ಬಳಿ ಕುಳಿತ ಯೇಸು, ತಮ್ಮವರು ದೂರವಿರಿಸಿದ್ದ ಸಮಾರ್ಯದ ಸ್ತ್ರೀಯೊಡನೆ ಮಾತು ಆರಂಭಿಸಿದುದು ಉಪದೇಶದಿಂದಲ್ಲ, ಕುಡಿಯಲು ನೀರು ಕೇಳುವುದರಿಂದ. ನೀರಿಗಾಗಿ ಕೊಡ ಹಿಡಿದು ಕಾದ ಬಲ್ಲವರಾದ ನಮಗೆ ಈ ಪ್ರಸಂಗ ಬೇಗನೆ ಅರ್ಥವಾಗುತ್ತದೆ. ಕೇಳುವವನು ತನ್ನ ಕೊರತೆಯನ್ನು ಒಪ್ಪಿಕೊಳ್ಳುತ್ತಾನೆ. ಅಲ್ಲಿ ಇಬ್ಬರೂ ಸಮಾನರಾಗುತ್ತಾರೆ.

ಸ್ನೇಹವನ್ನು ಸಾಧನವಾಗಿ ಬಳಸುವವನಲ್ಲಿ ಇಲ್ಲದಿರುವುದು ಈ ಸಮಾನತೆಯೇ. ರೋಗಿಯ ಹಾಸಿಗೆಯ ಬಳಿ, ಸಾಲದ ಸಂಕಟದಲ್ಲಿ, ನೆರವಿನ ಜೊತೆಗೆ ನಂಬಿಕೆಯ ಕರಾರನ್ನೂ ಇಟ್ಟರೆ ಅದು ಹಂಚಿಕೆಯಲ್ಲ, ವ್ಯಾಪಾರ. ನೆರೆಯವನು ಒಲ್ಲೆನೆಂದ ಮರುದಿನವೂ ಅದೇ ಪ್ರೀತಿಯಿಂದ ಅವನ ಕದ ತಟ್ಟಬಲ್ಲೆವೇ ಎಂಬುದೇ ಇಲ್ಲಿ ನಿಜವಾದ ಪರೀಕ್ಷೆ.

ಆದರೆ ಕೇಳುವವರಿಗೂ ಧರ್ಮವುಂಟು. ಪ್ರತಿಯೊಂದು ಉಪಕಾರದ ಹಿಂದೆಯೂ ಹುನ್ನಾರವನ್ನೇ ಕಾಣುವುದು ನಮಗೆ ಶೋಭಿಸದು. ತನಗೆ ಬದುಕನ್ನು ಕೊಟ್ಟಿತೆಂದು ನಂಬಿದುದನ್ನು ಮಿತ್ರನಿಂದ ಮುಚ್ಚಿಡುವುದೂ ಒಂದು ಬಗೆಯ ದೂರವೇ. ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಧರ್ಮವನ್ನು ಆಚರಿಸುವ ಹಾಗೂ ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಸಮಾನವಾಗಿ ಕೊಟ್ಟಿದೆ. ಅಂತಃಕರಣದ ಸ್ವಾತಂತ್ರ್ಯವನ್ನೂ ಕೊಟ್ಟಿದೆ. ಆದುದರಿಂದ ಹೇಳುವವನಿಗೆ ಹೇಳುವ ಹಕ್ಕಿರುವಂತೆ ಕೇಳುವವನಿಗೆ ಒಪ್ಪುವ, ಒಪ್ಪದಿರುವ ಹಕ್ಕೂ ಇದೆ. ಆದರೆ ಹೇಳುವ ರೀತಿಯನ್ನು ಕಾನೂನು ಕಲಿಸಲಾರದು; ಅದನ್ನು ಓಣಿಯ ಬದುಕೇ ಕಲಿಸಬೇಕು.

ತೆಲುಗು ನಾಡಿನಲ್ಲಿದ್ದು ಕನ್ನಡವನ್ನು ಉಳಿಸಿಕೊಂಡ ನಾವು ಇದನ್ನು ಅನುಭವದಿಂದ ಬಲ್ಲೆವು. ನೆರೆಯ ತೆಲುಗರು ನಮ್ಮ ನುಡಿಯನ್ನು ಆಡಿದುದು ನಮ್ಮ ಒತ್ತಾಯದಿಂದಲ್ಲ; ನಾವು ಅವರ ನುಡಿಯನ್ನು ಆಡಿದೆವು, ಅವರು ನಮ್ಮದನ್ನು ಆಡಿದರು. ನುಡಿಗೆ ಸಲ್ಲುವ ಈ ಮಾತು ನಂಬಿಕೆಗೂ ಸಲ್ಲುತ್ತದೆ. ಹೇಳುವವನಲ್ಲಿ ವಿನಯವೂ ಕೇಳುವವನಲ್ಲಿ ಔದಾರ್ಯವೂ ಇದ್ದರೆ, ಒಪ್ಪಿದರೂ ಒಪ್ಪದಿದ್ದರೂ ಹೆಪ್ಪಿಗಾಗಿ ತಟ್ಟುವ ಕದ ಎಂದಿನಂತೆ ತೆರೆದಿರುವುದು.