ತಿದ್ದೋಕೆ ಬಂದವರಿಗೂ ಒಂದು ಲೋಟ ಟೀ

ಮೂರು ವರ್ಷದ ಹಿಂದೆ ನಾನು ನಮ್ಮೂರಿಗೆ ಒಂದು ಆ್ಯಪ್ ತಗೊಂಡು ಹೋಗಿದ್ದೆ. ನಮ್ಮೂರು ಅಂದ್ರೆ ವೈ.ಎನ್.ಹೊಸಕೋಟೆ. ಪಾವಗಡ ತಾಲ್ಲೂಕು, ಆಂಧ್ರದ ಗಡಿ. ಅರ್ಧ ಮಾತು ಕನ್ನಡ, ಅರ್ಧ ತೆಲುಗು, ಯಾವ ಬೀದಿಗೆ ಹೋದರೂ ಮಗ್ಗದ ಸದ್ದು. ನೇಕಾರರು ಸಾವುಕಾರರ ಕೈ ಕಾಯೋದು ಬಿಟ್ಟು ರೇಷ್ಮೆ ಸೀರೆಯನ್ನ ನೇರ ಗ್ರಾಹಕರಿಗೇ ಮಾರಬೇಕು ಅನ್ನೋದು ನಮ್ಮ ಪುಟ್ಟ ಕಂಪನಿಯ ಐಡಿಯಾ. ಅದರಲ್ಲಿ ನಮಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಮೊದಲು ಹೋಗಿದ್ದು ಹಿಂದಿನ ಬೀದಿಯ ತಾತನ ಮನೆಗೆ. ‘ರಾ ನಾಯನಾ’ ಅಂತ ಮಗ್ಗದಿಂದ ಎದ್ದು ಬಂದರು, ಚಾಪೆ ಹಾಕಿದರು, ಟೀ ಬಂತು. ಇಪ್ಪತ್ತು ನಿಮಿಷ ನನ್ನ ಡೆಮೋ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ: ‘ಮಗಳ ಮದ್ವೆಗೆ ಸಾವುಕಾರ್ರು ಸಾಲ ಕೊಟ್ರಪ್ಪ. ಈ ಫೋನು ಕೊಡುತ್ತಾ?’ ನನ್ನ ಹತ್ತಿರ ಅದಕ್ಕೆ ಸ್ಲೈಡ್ ಇರಲಿಲ್ಲ. ‘ಹೋಗ್ಲಿ ಬಿಡು, ಊಟ ಮಾಡ್ಕೊಂಡೇ ಹೋಗು’ ಅಂದರು. ಮುದ್ದೆ, ಹುರುಳಿಕಾಳಿನ ಸಾರು. ಆ್ಯಪ್ ಒಂದೂವರೆ ವರ್ಷಕ್ಕೆ ಮುಚ್ಚಿತು, ಅದು ಬೇರೆ ಕಥೆ.

ಅವರು ಬೇಡ ಅಂದಿದ್ದು ನನ್ನನ್ನ ಅಷ್ಟು ಕಾಡಲಿಲ್ಲ. ಆ ‘ಬೇಡ’ ಮತ್ತು ಮುದ್ದೆ ಎರಡೂ ಒಂದೇ ತಟ್ಟೆಯಲ್ಲಿ ಬಂದವಲ್ಲ, ಅದು ಕಾಡಿತು. ‘ನಿಮ್ಮ ಬದುಕಿನ ರೀತಿ ಸರಿ ಇಲ್ಲ, ನಾನು ಸರಿ ಮಾಡ್ತೀನಿ’ ಅಂತ ಬಂದವನಿಗೆ ಊಟ ಹಾಕಬೇಕಾ? ಹಾಕಿದರೆ ಅವನ ಮಾತನ್ನೂ ಒಪ್ಪಿದ ಹಾಗಾ?

ಇದು ಹೊಸ ಪ್ರಶ್ನೆಯೇನಲ್ಲ. ಇದೇ ಥರದ ಪೂರ್ತಿ ನಂಬಿಕೆ ಹೊತ್ತುಕೊಂಡು ಕನ್ನಡ ನಾಡಿಗೆ ಇನ್ನೂ ದೂರದಿಂದ ಹುಡುಗರು ಬಂದಿದ್ದರು. ಮಿಷನರಿ ಅಂದ ತಕ್ಷಣ ನಮ್ಮ ಕಣ್ಣಿಗೆ ಬಿಳಿ ಗಡ್ಡದ ಪಾದ್ರಿ ಬರ್ತಾನೆ. ಆದರೆ ಬಂದಾಗಿನ ಅವರ ವಯಸ್ಸು ನೋಡಿ. ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ 25. ಕಿಟೆಲ್ 1853ರಲ್ಲಿ ಬಂದಾಗ 21. ನಮ್ಮ ಇವತ್ತಿನ ತುಮಕೂರು ಜಿಲ್ಲೆಯ ಗುಬ್ಬಿಗೆ ಬಂದ ವಿಲಿಯಂ ಆರ್ಥರ್ ಅನ್ನೋ ಐರ್ಲೆಂಡಿನ ಹುಡುಗ 1839ರಲ್ಲಿ ಹಡಗು ಹತ್ತಿದಾಗ 20. ಕ್ಯಾಂಪಸ್ ಸೆಲೆಕ್ಷನ್ನಿಗಿಂತ ಮುಂಚಿನ ವಯಸ್ಸು. ಆರ್ಥರ್‌ಗೆ ಎರಡು ವರ್ಷದಲ್ಲೇ ಆರೋಗ್ಯ ಪೂರ್ತಿ ಕೆಟ್ಟಿತು, 1841ರಲ್ಲಿ ವಾಪಸ್ ಹೋದ. ಮೈಸೂರು ಸೀಮೆಯ ಬಗ್ಗೆ ಆಮೇಲೆ ಪುಸ್ತಕ ಬರೆದ.

ಅವರನ್ನ ಬರಮಾಡಿಕೊಂಡವರು ಯಾರು? ಮೊದಲನೆಯದು ಅಧಿಕಾರದ ಸ್ವಾಗತ. ಬ್ರಿಟಿಷರಲ್ಲದ ಮಿಷನ್‌ಗಳಿಗೆ ದಾರಿ ತೆರೆದದ್ದೇ ಕಂಪನಿಯ 1833ರ ಚಾರ್ಟರ್ ಕಾಯ್ದೆ. ಮರುವರ್ಷ ಅಕ್ಟೋಬರ್ 30ಕ್ಕೆ ಹೆಬಿಕ್, ಲೇನರ್, ಗ್ರೈನರ್ ಅನ್ನೋ ಮೂವರು ಬಾಸೆಲ್ ಮಿಷನ್ನಿಂದ ಮಂಗಳೂರಿಗೆ ಬಂದರು. ಬೆನ್ನ ಹಿಂದೆ ಕಂಪನಿ ಸರ್ಕಾರ ಇದ್ದಾಗ ‘ಬರಬೇಡಿ’ ಅನ್ನೋ ಸ್ವಾತಂತ್ರ್ಯ ಊರಿನವರಿಗೆ ಎಲ್ಲಿತ್ತು? ಹೀಗಾಗಿ ‘ಭಾರತೀಯರ ಅತಿಥಿ ಸತ್ಕಾರ’ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಸ್ವಲ್ಪ ಮುಜುಗರ. ಬಾಗಿಲಿನ ಚಿಲಕ ನಮ್ಮ ಕೈಯಲ್ಲೇ ಇರಲಿಲ್ಲವಲ್ಲ.

ಎರಡನೆಯ ಸ್ವಾಗತ ಬೇರೆ. ಭಾಷೆ ಬರದ ಹುಡುಗನಿಗೆ ಅಕ್ಷರ ತಿದ್ದಿಸಿದ ಮುನ್ಷಿಯದ್ದು. ಅವನಿಗೆ ಸಂಬಳ ಇತ್ತು, ನಿಜ. ಆದರೂ ಯೋಚನೆ ಮಾಡಿ: ನಾಳೆ ಸಂತೆಯಲ್ಲಿ ನಿಂತು ನನ್ನ ದೇವರು ಸುಳ್ಳು ಅಂತ ಹೇಳೋಕೆ ಬೇಕಾದ ಕ್ರಿಯಾಪದವನ್ನ ನಾನೇ ಇವತ್ತು ಕೂತು ಹೇಳಿಕೊಡಬೇಕು. ಉಚ್ಚಾರ ತಪ್ಪಿದರೆ ತಿದ್ದಲೂ ಬೇಕು! ಇಂಥ ಎಷ್ಟೋ ಮುನ್ಷಿಗಳು ಕಲಿಸಿದರು, ಮನೆಗೆ ಹೋಗಿ ತಮ್ಮ ಸಂಧ್ಯಾವಂದನೆ, ತಮ್ಮ ಲಿಂಗಪೂಜೆ ಮಾಡಿಕೊಂಡರು. ಮಾತು ಕಲಿಸೋದು ಬೇರೆ, ಆ ಮಾತಿನಲ್ಲಿ ನೀನು ಹೇಳೋದನ್ನ ಒಪ್ಪೋದು ಬೇರೆ. ಹಿಂದಿನ ಬೀದಿಯ ತಾತ ಮುದ್ದೆ ಬಡಿಸುತ್ತಾ ಮಾಡಿದ್ದೂ ಇದನ್ನೇ.

ಕಲಿತವರಿಗೆ ಏನಾಯ್ತು ಅನ್ನೋದು ಇನ್ನೂ ಮಜವಾಗಿದೆ. ಮೋಗ್ಲಿಂಗ್ 1843ರ ಜುಲೈ 1ಕ್ಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದರು, ಕನ್ನಡದ ಮೊದಲ ಪತ್ರಿಕೆ. ಆಮೇಲೆ ಹಳೆಯ ಕಾವ್ಯ, ಪುರಾಣ, ದಾಸರ ಪದಗಳನ್ನೆಲ್ಲ ಅಚ್ಚು ಹಾಕಿಸೋಕೆ ಕೂತರು. ಕಿಟೆಲ್ ಅಂತೂ ಪ್ರಚಾರಕ್ಕಿಂತ ಓದೋದರಲ್ಲೇ ಮುಳುಗಿದ್ದಾರೆ ಅಂತ ಮಿಷನ್ನಿನ ಹಿರಿಯರಿಗೇ ಅಸಮಾಧಾನ ಇತ್ತು. ಶಬ್ದಮಣಿದರ್ಪಣ ಸಂಪಾದಿಸಿದರು. 1894ರಲ್ಲಿ ನಿಘಂಟು ಬಂತು, ಸುಮಾರು 70,000 ಪದ. ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಅವರ ಪ್ರತಿಮೆ ಇದೆ, ಸಿಗ್ನಲ್ಲಿನಲ್ಲಿ ನಿಂತಾಗ ನೋಡಿರ್ತೀರಿ. ತಿದ್ದೋಕೆ ಬಂದ ಹುಡುಗನನ್ನ ಭಾಷೆಯೇ ತಿದ್ದಿಬಿಟ್ಟಿತು.

ಹಾಗಾದರೆ ಲೆಕ್ಕ ಚುಕ್ತಾ ಆಯ್ತಾ? ನಮ್ಮ ಗೆಳೆಯರಲ್ಲಿ ಒಂದು ಗುಂಪು ಹಾಗೇ ಹೇಳುತ್ತೆ: ನಿಘಂಟು ಕೊಟ್ಟರಲ್ಲ, ಇನ್ನೇನು ಬೇಕು? ನಾನು ಒಪ್ಪಲ್ಲ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಅನ್ನೋ ಬ್ರಾಹ್ಮಣ ತರುಣ ಕ್ರೈಸ್ತನಾದ. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವನು. ಊರಲ್ಲಿ ದೊಡ್ಡ ಗಲಾಟೆಯೇ ಆಯ್ತು. ಮಗ ಇಂಗ್ಲಿಷ್ ಕಲಿಯಲಿ ಅಂತ ಕಳಿಸಿದ ಮನೆಗೆ ಮಗನೇ ಇಲ್ಲವಾದ. ಆ ಮನೆಯ ಅಡುಗೆಮನೆಯಲ್ಲಿ ಕೂತ ಹೆಂಗಸರಿಗೆ ಯಾವ ನಿಘಂಟು ಕೊಟ್ಟು ಸಮಾಧಾನ ಮಾಡ್ತೀರಿ?

ಆದರೆ ಆನಂದರಾವ್‌ಗೂ ಒಂದು ಬುದ್ಧಿ ಇತ್ತು ಅನ್ನೋದನ್ನ ಇನ್ನೊಂದು ಗುಂಪು ಮರೆಯುತ್ತೆ. ‘ಮರುಳು ಮಾಡಿದರು’ ಅಂದುಬಿಟ್ಟರೆ ಅವನನ್ನ ಸಾಮಾನಿನ ಹಾಗೆ ನೋಡಿದಂತೆ. ಅವನು 1846ರಲ್ಲಿ ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೋದ. ಈಗ ಪರದೇಶಕ್ಕೆ ಹೊಸದಾಗಿ ಬಂದಿಳಿದ ಹುಡುಗ ಇವನೇ. ಚಳಿ ಇವನಿಗೆ, ಜರ್ಮನ್ ವ್ಯಾಕರಣ ಇವನಿಗೆ. ಅಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು, ಮಿಷನರಿಯಾಗಿ ವಾಪಸ್ ತನ್ನೂರು ಮಂಗಳೂರಿಗೇ ಬಂದ. ಹುಟ್ಟಿದೂರಿಗೆ ಅತಿಥಿಯಾಗಿ ಬಂದವನನ್ನ ಯಾವ ಬಾಗಿಲು ಹೇಗೆ ಕರೆಯಬೇಕು? ಆ್ಯಪ್ ಹಿಡಿದು ಹೊಸಕೋಟೆ ಬಸ್ಸಿಳಿದ ನನಗೆ ಈ ಪ್ರಶ್ನೆ ಸ್ವಲ್ಪ ಹತ್ತಿರದ್ದು.

ನನಗೆ ಗೆರೆ ಕಾಣಿಸೋದು ಹಸಿವಿನ ಹತ್ತಿರ. ಮುನ್ಷಿ ಹೊಟ್ಟೆ ತುಂಬಿದ ಮನುಷ್ಯ, ಕಲಿಸಿ ಎದ್ದು ಹೋಗಬಲ್ಲವನು. ತಾತನಿಗೂ ಕಷ್ಟವೋ ಸುಖವೋ ಒಬ್ಬ ಸಾವುಕಾರರಿದ್ದರು. 1876-78ರ ದೊಡ್ಡ ಬರದಲ್ಲಿ ತಂದೆ ತಾಯಿ ಸತ್ತ ಮಕ್ಕಳನ್ನ ಮಿಷನ್‌ಗಳು ಎತ್ತಿಕೊಂಡು ಸಾಕಿದವು. ಬೆಳೆಸಿದ್ದು ತಮ್ಮ ಧರ್ಮದಲ್ಲಿ. ಪಾವಗಡದವನಿಗೆ ಬರ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಆ ಮಕ್ಕಳು ಬದುಕಿದ್ದು ದೊಡ್ಡದು, ಅದನ್ನ ಸಣ್ಣದು ಮಾಡೋಕೆ ನನಗೆ ಬಾಯಿ ಬರಲ್ಲ. ಆದರೆ ಅಲ್ಲಿ ಊಟ ಬಡಿಸುವವನು ಬಂದವನೇ. ಉಣ್ಣುವ ಮಗುವಿಗೆ ತಾತನ ಹಾಗೆ ‘ಬೇಡಪ್ಪ’ ಅನ್ನೋ ದಾರಿ ಇಲ್ಲ. ಬೇಡ ಅನ್ನೋಕೆ ಆಗದವನ ಹತ್ತಿರ ಪಡೆದ ‘ಹೂಂ’ಗೆ ಏನು ಬೆಲೆ? ಇದು ಆ್ಯಪ್ ಮಾರೋ ನಮಗೂ ಅನ್ವಯಿಸುತ್ತೆ. ಸಾವುಕಾರರ ಸಾಲದ ಬದಲು ನಾವೂ ಸಾಲ ಕೊಡೋಣ, ಆಗ ಬಂದೇ ಬರ್ತಾರೆ ಅಂತ ನಮ್ಮ ಮೀಟಿಂಗಿನಲ್ಲಿ ಒಬ್ಬರು ಹೇಳಿದ್ದರು. ನಾನೂ ತಲೆ ಆಡಿಸಿದ್ದೆ.

ಹೋದ ಯುಗಾದಿಗೆ ಊರಿಗೆ ಹೋದಾಗ ತಾತನ ಮನೆಗೆ ಮತ್ತೆ ಹೋದೆ. ಟೀ ಬಂತು. ‘ಏನಪ್ಪಾ, ಈ ಸಲ ಏನ್ ತಂದಿದೀಯ?’ ಅಂತ ನಕ್ಕರು. ಏನೂ ಇಲ್ಲ ತಾತ, ಹಾಸಿನ ಎಳೆ ಕಡಿದರೆ ಹೇಗೆ ಗಂಟು ಹಾಕ್ತೀರಿ ತೋರಿಸಿ ಅಂದೆ. ಕೂರಿಸಿ ತೋರಿಸಿದರು. ನಾನು ಹಾಕಿದ ಗಂಟು ಮೂರು ಸಲವೂ ಬಿಚ್ಚಿಕೊಂಡಿತು. ನಾಲ್ಕನೇ ಸಲಕ್ಕೆ ಅವರೇ ನನ್ನ ಕೈ ಸರಿಸಿ, ‘ಏಳು, ಸೀರೆ ಹಾಳ್ಮಾಡ್ಬೇಡ’ ಅಂದರು.